ಹಿತ್ತಲ ಬೆಳೆ: ಹೆಚ್ಚಾದುದು ಯಾರಿಗೆ?

ರೋಹಿಣಿ ಮಳೆಯ ಮೊದಲ ಹನಿಗಳು ಬೀಳುವ ಹೊತ್ತಿಗೆ, ಎಂದರೆ ಮೇ ತಿಂಗಳ ಕಡೆಯ ವಾರದಲ್ಲಿ, ನಮ್ಮ ಧಾರವಾಡ ಸೀಮೆಯ ಹಿತ್ತಲುಳ್ಳ ಮನೆಗಳಲ್ಲಿ ಒಂದು ಸಣ್ಣ ಸಡಗರ ಆರಂಭವಾಗುತ್ತದೆ. ಅಟ್ಟದ ಮೇಲಿನ ಗಡಿಗೆಗಳು ಕೆಳಗಿಳಿಯುತ್ತವೆ. ಬೂದಿಯಲ್ಲಿ ಬೆರೆಸಿಟ್ಟ ಅವರೆಯ ಬೀಜ, ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದ ಹೀರೆಯ ಬೀಜ, ಕಾಗದದ ಪೊಟ್ಟಣದಲ್ಲಿ ಮಡಿಸಿಟ್ಟ ಮುಳಗಾಯಿಯ ಬೀಜ ಎಲ್ಲವೂ ಹೊರಬಂದು ಮೊರದಲ್ಲಿ ಬಿಸಿಲು ಕಾಯುತ್ತವೆ. ಜೂನ್ ಮೊದಲ ವಾರ ಕಳೆಯುತ್ತಲೇ ಮೃಗಶಿರ ಮಳೆ ಕಾಲಿಡುತ್ತದೆ. ಅಷ್ಟರೊಳಗೆ ಮಡಿ ಸಿದ್ಧವಾಗಿರಬೇಕೆಂಬುದು ಹಿರಿಯರ ಲೆಕ್ಕ.

ನಮ್ಮ ಹಿತ್ತಲು ದೊಡ್ಡದೇನೂ ಅಲ್ಲ. ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ. ಅದರಲ್ಲಿಯೇ ಒಂದು ಬಿಲ್ವದ ಗಿಡ, ಪೂಜೆಗೆ ದಾಸವಾಳ, ಮಲ್ಲಿಗೆ. ಬಚ್ಚಲ ನೀರು ಹರಿಯುವ ಕಡೆ ಎರಡು ಬಾಳೆ. ಗೋಡೆಯ ಮೂಲೆಗೆ ನುಗ್ಗೆ ಮತ್ತು ಕರಿಬೇವು. ಉಳಿದ ಸ್ಥಳವೆಲ್ಲ ಕಾಯಿಪಲ್ಯಕ್ಕೆ. ಲಿಂಗೈಕ್ಯರಾದ ನಮ್ಮ ಅತ್ತೆಯವರು ಮುಂಜಾನೆ ಲಿಂಗಪೂಜೆಗೆ ಪತ್ರಿ ತರಲು ಹೋದವರು ಒಂದು ಗಳಿಗೆ ಹೆಚ್ಚೇ ಹಿತ್ತಲಲ್ಲಿ ನಿಲ್ಲುತ್ತಿದ್ದರು. ಬರುವಾಗ ಒಂದು ಕೈಯಲ್ಲಿ ಪತ್ರಿಯ ಬುಟ್ಟಿ, ಇನ್ನೊಂದು ಕೈಯ ಸೆರಗಿನಲ್ಲಿ ಅಂದಿನ ಅಡುಗೆಯ ಕಾಯಿ. ಪೂಜೆ ಬೇರೆ, ಕಾಯಕ ಬೇರೆ ಎಂದು ಅವರು ಎಣಿಸಿದ್ದನ್ನು ನಾವು ಕಂಡಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೂಗಾರ ಮಾದಯ್ಯ ಹೂವಿನ ಕಾಯಕದವನು, ಒಕ್ಕಲಿಗ ಮುದ್ದಣ್ಣ ಬೇಸಾಯದವನು, ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದವನು. ಮಣ್ಣು ಮುಟ್ಟಿದ ಕೈಗೆ ಕೀಳೆಂಬ ಭಾವ ನಮ್ಮ ಮನೆಗಳಲ್ಲಿ ಹುಟ್ಟಬಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಆದರೂ ಹುಟ್ಟಿದೆ. ಹಿತ್ತಲಿಗೆ ಫರಸಿ ಹಾಸಿ ಸ್ವಚ್ಛ ಮಾಡಿದೆವೆಂದು ಹೇಳಿಕೊಳ್ಳುವ ಮನೆಗಳು ನಮ್ಮ ಓಣಿಯಲ್ಲಿಯೇ ಹಲವು.

ಅತ್ತೆಯವರ ನಂತರ ಹಿತ್ತಲು ನಮ್ಮ ಕೈಗೆ ಬಂದಿತು. ಬಂದ ಮೊದಲ ವರ್ಷಗಳಲ್ಲಿ ನಾವು ಕಲಿತುದೆಲ್ಲ ತಪ್ಪು ಮಾಡಿಯೇ. ಅವುಗಳಲ್ಲಿ ಒಂದನ್ನು ಈ ಲೇಖನದ ನಡುವೆ ಹೇಳಲೇಬೇಕಾಗಿದೆ. ಅದಕ್ಕೆ ಮುನ್ನ ಬೆಳೆಯ ಮಾತು.

ಮಳೆಯ ಲೆಕ್ಕ, ಹೂವಿನ ಲೆಕ್ಕ

ಬಳ್ಳಿಯ ಕಾಯಿಗಳಾದ ಹೀರೆ, ಸೋರೆ, ಪಡವಲ, ಬೂದುಗುಂಬಳಗಳಿಗೆ ಮೃಗಶಿರ ಮತ್ತು ಆರಿದ್ರಾ ಮಳೆಗಳೇ ಸಕಾಲ. ಒಂದೂವರೆ ಅಡಿ ಆಳದ ಕುಣಿ ತೆಗೆದು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಹಾಗೂ ಮೇಲ್ಮಣ್ಣನ್ನು ಸಮವಾಗಿ ತುಂಬಿ, ಕುಣಿಗೆ ಮೂರು ಬೀಜ ಊರಿ, ಎರಡೆಲೆ ಬಿಟ್ಟ ಮೇಲೆ ಗಟ್ಟಿಯಾದ ಒಂದನ್ನು ಉಳಿಸಬೇಕು. ಎರೆಭೂಮಿಯವರು ಕುಣಿಯ ಬದಲು ದಿಬ್ಬ ಮಾಡುವುದು ಲೇಸು. ಎರೆಮಣ್ಣು ನೀರನ್ನು ಹಿಡಿದರೆ ಬಿಡುವುದಿಲ್ಲ. ಪುಷ್ಯ ಮಳೆಯ ಜಡಿಗೆ ಬೇರು ಕೊಳೆತು ಬಳ್ಳಿ ಒಂದೇ ರಾತ್ರಿಯಲ್ಲಿ ಬಾಡುತ್ತದೆ. ಧಾರವಾಡದ ಪಡುವಣಕ್ಕೆ ಕೆಮ್ಮಣ್ಣು, ಮೂಡಣಕ್ಕೆ ಎರೆ. ಒಂದೇ ತಾಲ್ಲೂಕಿನ ಇಬ್ಬರು ಬೀಗರು ಒಂದೇ ಬೀಜವನ್ನು ಎರಡು ಬಗೆಯಲ್ಲಿ ಊರಬೇಕಾಗುವುದು ಇದರಿಂದಲೇ.

ಹೊಸದಾಗಿ ಬೆಳೆಯುವವರು ಅಂಜುವುದು ಹೂವು ಉದುರುವಾಗ. ಬಳ್ಳಿಯ ತುಂಬ ಹೂವು, ಒಂದೂ ಕಾಯಿ ಇಲ್ಲ ಎಂದು ಕಂಗೆಡುತ್ತಾರೆ. ಈ ಜಾತಿಯ ಬಳ್ಳಿಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಮೊದಲಿಗೆ ಬರುವುವು ಬಹುಮಟ್ಟಿಗೆ ಗಂಡು ಹೂಗಳೇ. ಅವು ಉದುರುವುದು ಸಹಜ. ಹೆಣ್ಣು ಹೂವಿನ ಬುಡದಲ್ಲಿ ಕಿರುಬೆರಳಿನ ತುದಿಯಂಥ ಪುಟ್ಟ ಕಾಯಿ ಮೊದಲೇ ಇರುತ್ತದೆ. ಕುಂಬಳದ ಹೂವು ನಸುಕಿನಲ್ಲಿ ಅರಳಿದರೆ ಹೀರೆ, ಸೋರೆಗಳ ಹೂವು ಅರಳುವುದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಜೇನು, ಪತಂಗಗಳು ಬಾರದ ಊರ ನಡುವಿನ ಮನೆಗಳಲ್ಲಿ ಆ ಹೊತ್ತಿಗೆ ಒಂದು ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲನೆ ಸವರಿದರೆ ಕಾಯಿ ಕಟ್ಟುತ್ತದೆ. ನಮ್ಮ ಮನೆಯ ಮಕ್ಕಳು ಈ ಕೆಲಸವನ್ನು ಪಾಳಿಯ ಮೇಲೆ ಮಾಡುತ್ತಾರೆ.

ಅವರೆಯದು ಇನ್ನೊಂದು ಬಗೆ. ನಾಟಿ ಅವರೆಯನ್ನು ಆಷಾಢದಲ್ಲಿ ಊರಿದರೆ ಶ್ರಾವಣ, ಭಾದ್ರಪದಗಳಲ್ಲಿ ಚಪ್ಪರ ತುಂಬುತ್ತದೆ, ಹೂವಿನ ಸುಳಿವಿರುವುದಿಲ್ಲ. ಹಗಲು ಕಿರಿದಾಗಿ ಇರುಳು ಹಿರಿದಾಗುವವರೆಗೆ ಅದು ಹೂಬಿಡುವುದೇ ಇಲ್ಲ. ದಸರೆ ಕಳೆಯಬೇಕು. ಬಂಜೆ ಬಳ್ಳಿಯೆಂದು ನಾವು ಒಮ್ಮೆ ಕುಡುಗೋಲು ಹಿಡಿದು ನಿಂತಾಗ ಅತ್ತೆಯವರು ತಡೆದಿದ್ದರು. ದೀಪಾವಳಿಗೆ ಹೂವಾಯಿತು, ಎಳ್ಳಮಾವಾಸ್ಯೆಯ ಚರಗಕ್ಕೆ ಒಂದು ಬುಟ್ಟಿ ಕಾಯಿ ಬಂದಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ಜಯ್, ಅರ್ಕಾ ವಿಜಯ್ ಎಂಬ ಗಿಡ್ಡ ತಳಿಗಳನ್ನು ಹೊರತಂದಿದ್ದಾರೆ. ಅವಕ್ಕೆ ಹಗಲಿನ ಉದ್ದದ ಹಂಗಿಲ್ಲ, ಎಲ್ಲ ಕಾಲದಲ್ಲಿಯೂ ಕಾಯಿ ಬಿಡುತ್ತವೆ. ಕುಂಡದಲ್ಲಿ ಬೆಳೆಯುವವರಿಗೆ ಅವು ಅನುಕೂಲ. ಸೊಗಡಿನ ಮಾತು ಬಂದರೆ ನಮ್ಮ ಮತ ಚಪ್ಪರದ ಅವರೆಗೇ.

ಮುಳಗಾಯಿ, ಮೆಣಸಿನಕಾಯಿಗಳನ್ನು ಮೊದಲು ಒಟ್ಲು ಹಾಕಿ, ಐದು ವಾರದ ಸಸಿಯಾದಾಗ ಮೋಡ ಕವಿದ ಸಂಜೆ ಕಿತ್ತು ನೆಡಬೇಕು. ಮುಳಗಾಯಿಯ ತುದಿಚಿಗುರು ಕಾರಣವಿಲ್ಲದೆ ಬಾಡಿ ಜೋತುಬಿದ್ದರೆ ಒಳಗೆ ಕೊರೆಯುವ ಹುಳುವಿದೆಯೆಂದು ತಿಳಿದು, ಬಾಡಿದ ಭಾಗಕ್ಕಿಂತ ಒಂದು ಗೇಣು ಕೆಳಗೆ ಚಿವುಟಿ ಸುಟ್ಟುಬಿಡಬೇಕು. ವಾರಕ್ಕೆರಡು ಬಾರಿ ಇಷ್ಟು ಮಾಡಿದವರಿಗೆ ವಿಷದ ಔಷಧಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಎಲೆ ತಿನ್ನುವ ಹುಳುಗಳಿಗೆ ೫೦ ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಸೋಸಿ, ಚಿಟಿಕೆ ಸಾಬೂನು ಕದಡಿ ಸಂಜೆಯ ವೇಳೆ ಸಿಂಪಡಿಸಿದರೆ ಸಾಕು. ಹೀರೆ, ಹಾಗಲಗಳಿಗೆ ಹಣ್ಣಿನ ನೊಣದ ಕಾಟವುಂಟು. ಅದು ಚುಚ್ಚಿದ ಕಾಯಿ ಸೊಟ್ಟಗಾಗಿ ಕೊಳೆಯುತ್ತದೆ. ಅಂಥ ಕಾಯಿಯನ್ನು ತಿಪ್ಪೆಗೆ ಎಸೆದರೆ ಮುಂದಿನ ಸಂತತಿಗೆ ನಾವೇ ಮನೆ ಕಟ್ಟಿಕೊಟ್ಟಂತೆ. ನೀರಿನಲ್ಲಿ ಮುಳುಗಿಸಿ ಕೊಳೆಸಬೇಕು, ಇಲ್ಲವೇ ಎರಡಡಿ ಆಳದಲ್ಲಿ ಹೂಳಬೇಕು. ಎಳೆಯ ಕಾಯಿಗೆ ಕಾಗದದ ಚೀಲ ತೊಡಿಸುವುದೂ ಒಳ್ಳೆಯದು.

ಸೊಪ್ಪಿನ ವಿಚಾರ ಬಹಳ ಹೇಳಬೇಕಾದುದಿಲ್ಲ. ಮೆಂತೆ, ರಾಜಗಿರಿ, ಸಬ್ಬಸಗಿಗಳು ಒಂದು ತಿಂಗಳಿನೊಳಗಾಗಿ ಕೈಗೆ ಬರುತ್ತವೆ. ಹಿತ್ತಲಿಲ್ಲದವರು ತೂತು ಕೊರೆದ ಹಳೆಯ ಬುಟ್ಟಿ, ಸಿಮೆಂಟಿನ ಚೀಲಗಳಲ್ಲಿ ಮಾಳಿಗೆಯ ಮೇಲೆಯೇ ಬೆಳೆಯಬಹುದು. ಪೂಜೆ ಮುಗಿದ ಮೇಲಿನ ಪತ್ರಿ, ಹೂಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆರೆಗೆ ಚೆಲ್ಲುವ ರೂಢಿಯನ್ನು ನಾವಂತೂ ಒಪ್ಪೆವು. ಅವು ಗಿಡದ ಬುಡಕ್ಕೆ ಸೇರಲಿ.

ಒಂದು ಭಾದ್ರಪದದ ಮಾತು

ಹಿತ್ತಲು ಕೈಗೆ ಬಂದ ಎರಡನೆಯ ವರ್ಷ ನಾವು ಉತ್ಸಾಹದಿಂದ ಆರು ಕುಣಿ ಹೀರೆ ಹಾಕಿದೆವು. ಮಳೆ ಹದವಾಗಿ ಬಂದಿತು. ಮಘಾ ಮಳೆಯ ಹೊತ್ತಿಗೆ ದಿನ ಬಿಟ್ಟು ದಿನ ಬುಟ್ಟಿ ತುಂಬತೊಡಗಿತು. ಮೊದಲ ವಾರ ಮನೆಮಂದಿಗೆ ಹಿಗ್ಗು. ಎರಡನೆಯ ವಾರ ನೆರೆಹೊರೆಯವರಿಗೆ ಹಂಚಿದೆವು. ಮೂರನೆಯ ವಾರ ನಮ್ಮನ್ನು ಕಂಡರೆ ನೆರೆಯವರು ಬಾಗಿಲು ಮುಂದೆ ಮಾಡುವಂತಾಯಿತು. ಒಂದು ಮದುವೆಗೆಂದು ನಾಲ್ಕು ದಿನ ಊರಿಗೆ ಹೋಗಿ ಬಂದೆವು. ಬಳ್ಳಿಯ ತುಂಬ ಮೊಳಕೈಯುದ್ದದ ಬಲಿತ ಕಾಯಿ. ಹೊರಗೆ ಎಸೆಯಲು ಮನಸ್ಸು ಬಾರದು. ಒಂದು ಗೋಣಿಚೀಲಕ್ಕೆ ತುಂಬಿ, ಊರಿನ ಮಠದ ಪ್ರಸಾದ ನಿಲಯಕ್ಕೆ ಒಯ್ದೆವು. ಇನ್ನೂರು ಮಕ್ಕಳು ಉಣ್ಣುವ ಪಂಕ್ತಿ. ದಾಸೋಹಕ್ಕೆ ನಮ್ಮದೂ ಒಂದು ಸೇವೆಯಾಯಿತೆಂಬ ತೃಪ್ತಿ ನಮಗೆ.

ಅಡುಗೆಮನೆಯ ಹಿರಿಯ ತಾಯಿ ಚೀಲ ಬಿಚ್ಚಿ, ಒಂದು ಕಾಯಿಯನ್ನು ಮುರಿಯಲು ನೋಡಿದರು. ಅದು ಮುರಿಯಲಿಲ್ಲ, ನಾರಾಗಿ ಜಗ್ಗಿತು. ಅವರು ಸಿಟ್ಟಾಗಲಿಲ್ಲ. ನಕ್ಕು, "ಅಕ್ಕಾರ, ಇವನ್ನ ನಿಮ್ಮ ಮನ್ಯಾಗ ಹೆಚ್ಚತಿದ್ರೇನ್ರೀ?" ಎಂದು ಕೇಳಿದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಚೀಲವನ್ನು ಹಿಂದಕ್ಕೆ ತಂದೆವು.

ಬಹುದಿನಗಳವರೆಗೆ ಆ ಪ್ರಶ್ನೆ ನಮ್ಮನ್ನು ಕಾಡಿತು. ನಾವು ಮಠಕ್ಕೆ ಒಯ್ದುದು ಹಿತ್ತಲ ಬೆಳೆಯನ್ನಲ್ಲ, ಮನೆಯ ಹೊರೆಯನ್ನು. ತಾನು ಉಣ್ಣಲೊಲ್ಲದುದನ್ನು ಇನ್ನೊಬ್ಬರ ಎಡೆಗೆ ಬಡಿಸುವುದಕ್ಕೆ ದಾಸೋಹವೆಂಬ ಹೆಸರು ಸಲ್ಲದು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತಿರುವಂಥದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುತ್ತಿದ್ದ ದಂಪತಿಗಳವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದುದಕ್ಕಿಂತ ಮಿಗಿಲಾದುದು ಸಲ್ಲದೆಂದು ಲಕ್ಕಮ್ಮ ಅದನ್ನು ತಿರುಗಿ ಹಾಕಿ ಬರಲು ಕಳುಹಿಸಿದಳು. ಆ ಕಥೆಯನ್ನು ನಾವು ಆಸೆಯ ವಿಷಯವಾಗಿ ಮಾತ್ರ ಕೇಳುತ್ತ ಬಂದಿದ್ದೆವು. ಆರು ಕುಣಿ ಹೀರೆ ಹಾಕಿದ ಮೇಲೆ ಅದು ಬಿತ್ತನೆಯ ವಿಷಯವೂ ಹೌದೆಂದು ತೋರಿತು. ಕೊಡುವುದಕ್ಕೂ ಮೊದಲೇ ಎಣಿಕೆ ಬೇಕು. ಕೊಡುವ ಪಾಲನ್ನು ಬೀಜ ಊರುವಾಗಲೇ ತೆಗೆದಿರಿಸಬೇಕು.

ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹವನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಜಾತ್ರೆ ಬರುವ ಮುಂಚೆಯೇ ಸುತ್ತಲ ಊರುಗಳ ತಾಯಂದಿರು ಅದಕ್ಕೆಂದೇ ಜೋಳದ ರೊಟ್ಟಿ ತಟ್ಟಿ, ಕಟಿಯಾಗಿ ಒಣಗಿಸಿ, ಸಾಲು ಸಾಲು ವಾಹನಗಳಲ್ಲಿ ಕಳುಹಿಸುತ್ತಾರೆ. ಮನೆಯಲ್ಲಿ ಉಳಿದ ರೊಟ್ಟಿಯನ್ನು ಯಾರೂ ಒಯ್ಯುವುದಿಲ್ಲ. ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಬೆಳೆಸಿದ ನಿತ್ಯದಾಸೋಹಕ್ಕೂ ರೈತರು ಕಣದ ರಾಶಿಯಿಂದಲೇ ದವಸ ತಂದು ಒಪ್ಪಿಸುವ ಪರಿಪಾಠವುಂಟು.

ಅಂದಿನಿಂದ ಹೀರೆಗೆ ಎರಡೇ ಕುಣಿ, ಅದೂ ಮೂರು ವಾರಗಳ ಅಂತರದಲ್ಲಿ. ಬುಧವಾರ ಮುಂಜಾನೆ ಬಿಡಿಸಿದ ಎಳೆಯ ಕಾಯಿ ಮಠದ ಪಾಲು. ಮನೆಗೆ ಉಳಿದ ದಿನಗಳದು. ಇನ್ನೂರು ಮಕ್ಕಳಿಗೆ ನಮ್ಮ ಬುಟ್ಟಿ ಯಾವ ಮೂಲೆಗೂ ಸಾಲದು, ನಿಜ. ಅದಕ್ಕೆಂದೇ ಕರಿಬೇವು, ನುಗ್ಗೆಸೊಪ್ಪು, ನಿಂಬೆಹಣ್ಣುಗಳನ್ನು ಹೆಚ್ಚಾಗಿ ಒಯ್ಯುತ್ತೇವೆ. ಸ್ವಲ್ಪವಾದರೂ ದೊಡ್ಡ ಕೊಳಗಕ್ಕೆ ಒದಗುವ ಪದಾರ್ಥಗಳವು.

ಸುಗ್ಗಿಯನ್ನು ಜಾಡಿಗೆ ಇಳಿಸುವುದು

ಎಷ್ಟು ಎಣಿಸಿ ಬಿತ್ತಿದರೂ ಕೆಲವು ಬೆಳೆ ಒಮ್ಮೆಲೇ ಬರುತ್ತವೆ. ಅವನ್ನು ಕಾಪಿಡುವ ವಿದ್ಯೆ ನಮ್ಮ ಅಜ್ಜಿಯರದು.

ಹೀರೆಯಲ್ಲಿ ಎಸೆಯುವ ಭಾಗವೇ ಇಲ್ಲ. ತಿರುಳು ಪಲ್ಯಕ್ಕೆ, ಏಣಿನ ಸಿಪ್ಪೆ ಚಟ್ನಿಗೆ. ಸಿಪ್ಪೆಯನ್ನು ಹಸಿಮೆಣಸಿನಕಾಯಿಯೊಡನೆ ಎಣ್ಣೆಯಲ್ಲಿ ಗರಿಯಾಗುವಂತೆ ಬಾಡಿಸಿ, ಹುರಿದ ಎಳ್ಳು, ಹುಣಸೆಹಣ್ಣು, ಉಪ್ಪು, ತುಸು ಬೆಲ್ಲ ಸೇರಿಸಿ ಒರಟಾಗಿ ಅರೆದರೆ ಬಿಸಿರೊಟ್ಟಿಗೆ ಅದರಂಥ ಜೊತೆ ಇನ್ನೊಂದಿಲ್ಲ. ಬಲಿತುಹೋದುದನ್ನು ಬಳ್ಳಿಯಲ್ಲಿಯೇ ಒಣಗಲು ಬಿಟ್ಟು ಬೀಜಕ್ಕೆ ಇಟ್ಟುಕೊಳ್ಳಬೇಕು. ಇಲ್ಲಿ ಒಂದು ಎಚ್ಚರಿಕೆ: ಹೀರೆಯಾಗಲಿ, ಸೋರೆಯಾಗಲಿ, ಸೌತೆಯಾಗಲಿ ಹೆಚ್ಚುವ ಮುನ್ನ ಒಂದು ಚೂರನ್ನು ನಾಲಿಗೆಗೆ ತಾಗಿಸಿ ನೋಡಬೇಕು. ಕಹಿಯಾಗಿದ್ದರೆ ಪೂರ್ತಿ ಕಾಯಿಯನ್ನು ಬಿಸುಡಬೇಕು. ಬೇಯಿಸಿದರೂ ಆ ವಿಷ ಹೋಗದು. ಕಹಿ ಸೋರೆಯ ರಸ ಕುಡಿದು ಪ್ರಾಣಾಪಾಯವಾದ ಪ್ರಸಂಗಗಳು ನಡೆದ ಮೇಲೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯ ವರದಿಯೊಂದು ೨೦೧೨ರಲ್ಲಿ ಪ್ರಕಟವಾಗಿ ಇದೇ ಎಚ್ಚರಿಕೆಯನ್ನು ನೀಡಿದೆ. ಹಿತ್ತಲದ್ದೆಂಬ ಮಮತೆಯಿಂದ ಕಹಿಯನ್ನು ನುಂಗಬಾರದು.

ಮೆಣಸಿನಕಾಯಿ ಹಸಿರಾಗಿದ್ದಾಗ ಬಾಳಕಕ್ಕೆ, ಹಣ್ಣಾದಾಗ ರಂಜಕಕ್ಕೆ. ಬಾಳಕಕ್ಕೆ ದಪ್ಪನೆಯ ಕಾಯಿಗಳನ್ನು ಆರಿಸಿ, ಉದ್ದಕ್ಕೆ ಸೀಳಿ, ಉಪ್ಪು, ಮೆಂತೆ, ಜೀರಿಗೆಗಳ ಪುಡಿ ತುಂಬಿ, ಹುಳಿಮಜ್ಜಿಗೆಯಲ್ಲಿ ಎರಡು ದಿನ ಅದ್ದಿಟ್ಟು ಬಿಸಿಲಿಗೆ ಹರವಬೇಕು. ರಂಜಕ ಪುಷ್ಯ, ಮಾಘ ಮಾಸಗಳ ಕೆಲಸ. ಒಂದು ಕಿಲೋ ಕೆಂಪು ಹಣ್ಣಿಗೆ ೨೦೦ ಗ್ರಾಂ ಉಪ್ಪು, ಎಂಟು–ಹತ್ತು ನಿಂಬೆಹಣ್ಣಿನ ರಸ, ಎರಡು ಗಡ್ಡೆ ಬೆಳ್ಳುಳ್ಳಿ, ಹುರಿದು ಪುಡಿ ಮಾಡಿದ ಎರಡು ಚಮಚ ಮೆಂತೆ. ಒರಳಿನಲ್ಲಿ ಕುಟ್ಟಿದರೆ ಉತ್ತಮ, ಮಿಕ್ಸರಿನಲ್ಲಿ ತಿರುವಿದರೆ ಅಡ್ಡಿಯಿಲ್ಲ. ಹಣ್ಣನ್ನು ತೊಳೆದ ಮೇಲೆ ತೊಟ್ಟು ತೆಗೆಯಬೇಕೇ ಹೊರತು ತೊಟ್ಟು ತೆಗೆದು ತೊಳೆಯಬಾರದು. ನಾವು ಒಂದು ಸಲ ತಿರುವುಮುರುವು ಮಾಡಿ, ಒಳಗೆ ನೀರು ಸೇರಿ, ಹದಿನೈದೇ ದಿನಕ್ಕೆ ಇಡೀ ಜಾಡಿಗೆ ಬೂಷ್ಟು ಬಂದಿತು. ಮೇಲಿನ ಬೂಷ್ಟು ತೆಗೆದು ಉಳಿದುದನ್ನು ತಿನ್ನಬಹುದೆಂದು ಕೆಲವರು ಹೇಳಿದರು. ನಾವು ತಿನ್ನಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಮಕ್ಕಳಿರುವ ಮನೆಯ ರಂಜಕಕ್ಕೆ ಅದು ಒಗ್ಗುತ್ತದೆ.

ಪುಂಡಿಯನ್ನು ಮಾತ್ರ ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆಗಳಲ್ಲಿ ಬೇಯಿಸಲಾಗದು. ಅದರ ಹುಳಿ ಲೋಹವನ್ನು ಕಚ್ಚುತ್ತದೆ. ಮಣ್ಣಿನ ಗಡಿಗೆಯೇ ಯೋಗ್ಯ. ಸೊಪ್ಪು ಬೆಂದ ನೀರನ್ನು ಸ್ವಲ್ಪ ಬಸಿದು, ಜೋಳದ ನುಚ್ಚು ಹಾಗೂ ಕಡಲೆಬೇಳೆ ಹಾಕಿ ಗಟ್ಟಿಯಾಗುವವರೆಗೆ ಬೇಯಿಸಿ, ಹಸಿಮೆಣಸಿನಕಾಯಿಯ ಖಾರ ಕೂಡಿಸಿ, ಬೆಳ್ಳುಳ್ಳಿಯ ಒಗ್ಗರಣೆ ಧಾರಾಳವಾಗಿ ಕೊಟ್ಟರೆ ಎರಡು ದಿನ ಕೆಡುವುದಿಲ್ಲ. ಎರಡನೆಯ ದಿನವೇ ರುಚಿ ಹೆಚ್ಚು. ಸೊಪ್ಪು ಮುಗಿದ ಗಿಡದ ಕಾಂಡದಿಂದ ನಾರು ತೆಗೆದು ಎತ್ತಿನ ಹಗ್ಗ ಹೊಸೆಯುವುದನ್ನು ನಮ್ಮ ತಲೆಮಾರಿನವರು ಕಣ್ಣಾರೆ ಕಂಡಿದ್ದೇವೆ.

ಬೂದುಗುಂಬಳಕ್ಕೆ ಅವಸರವಿಲ್ಲ. ಮೈಮೇಲಿನ ಬೂದಿ ಒರೆಸದೆ, ತೊಟ್ಟು ಮುರಿಯದೆ, ನೆಲುವಿನಲ್ಲಿ ತೂಗುಬಿಟ್ಟರೆ ಬೇಸಗೆಯವರೆಗೂ ಇರುತ್ತದೆ. ಶಿವರಾತ್ರಿ ಕಳೆದು ಬಿಸಿಲು ಬಲಿತಾಗ ತುರಿದು, ನೀರು ಹಿಂಡಿ, ರುಬ್ಬಿದ ಉದ್ದಿನಬೇಳೆ, ಖಾರ, ಇಂಗು ಕಲಸಿ ಸಂಡಿಗೆ ಇಡಬೇಕು. ಹಿಂಡಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಿ.

ಬೀಜದ ಮಾತೊಂದು ಉಳಿಯಿತು. ಮುಳಗಾಯಿಯ ಬೀಜಕ್ಕೆ ಗಿಡದಲ್ಲಿ ಮೊದಲು ಕಟ್ಟಿದ ಒಳ್ಳೆಯ ಕಾಯಿಯೊಂದಕ್ಕೆ ದಾರ ಕಟ್ಟಿ, ಹಳದಿಯಾಗುವವರೆಗೆ ಬಿಡಬೇಕು. ತಿರುಳನ್ನು ನೀರಿನಲ್ಲಿ ಕಿವುಚಿದಾಗ ಮುಳುಗುವ ಬೀಜ ಒಳ್ಳೆಯದು, ತೇಲುವುದು ಜೊಳ್ಳು. ನೆರಳಲ್ಲಿ ಒಣಗಿಸಬೇಕು. ಬದನೆಯ ಬೀಜ ಕೆಲವು ವರ್ಷ ಬಾಳುತ್ತದೆ. ಉಳ್ಳಾಗಡ್ಡಿಯದು ಒಂದೇ ವರ್ಷ. ಅಂಗಡಿಯ ಸಂಕರ ಬೀಜದ ಗಿಡದಿಂದ ಬೀಜ ಹಿಡಿದರೆ ತಾಯಿಯ ಗುಣ ಮಗಳಿಗೆ ಬಾರದು. ಉಡುಪಿ ಸೀಮೆಯ ಮಟ್ಟು ಗುಳ್ಳವೆಂಬ ಬದನೆಗೆ ೨೦೧೧ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅಲ್ಲಿಯ ಒಕ್ಕಲುಗಳು ಬೀಜವನ್ನು ಕೈಬಿಡದೆ ಕಾದುಕೊಂಡು ಬಂದುದರಿಂದ ಅದು ಸಾಧ್ಯವಾಯಿತು. ನಮ್ಮ ಕಡೆಯ ಗೆರೆಯ ಮುಳಗಾಯಿಗಳಲ್ಲಿ ಎಷ್ಟೋ ಬಗೆಗಳು ಒಂದೊಂದು ಮನೆಯ ಹಿತ್ತಲಲ್ಲಿ ಮಾತ್ರ ಉಳಿದಿವೆ, ಆ ಮನೆಯ ಹಿರಿಯ ತಾಯಿ ಇರುವವರೆಗೆ. ಅತ್ತೆಯವರ ಪೊಟ್ಟಣದಲ್ಲಿ ಉಳಿದಿದ್ದುದು ಒಂದು ಚಿಟಿಕೆ ಬೀಜ, ಮೊಳೆತದ್ದು ಹನ್ನೊಂದು. ಅವುಗಳಲ್ಲಿ ಐದು ಸಸಿಗಳನ್ನು ಬೀಗರ ಮನೆಗಳಿಗೆ ಕೊಟ್ಟೆವು, ನಮ್ಮದು ಕೆಟ್ಟರೆ ಅಲ್ಲಿಂದ ತಿರುಗಿ ತರಲಾದೀತೆಂದು.

ಕಳೆದ ವರ್ಷ ಮಠದ ಆ ತಾಯಿ ತಾವಾಗಿಯೇ ಪುಂಡಿಯ ಬೀಜ ಕೇಳಿ ಪಡೆದರು. ಪ್ರಸಾದ ನಿಲಯದ ಬೇಲಿಯುದ್ದಕ್ಕೂ ಹಾಕಿಸಿದ್ದಾರೆ. ಈಗ ಬುಧವಾರ ನಾವು ಬುಟ್ಟಿ ಒಯ್ದರೆ, ಮರಳುವಾಗ ಒಂದು ಸಿವುಡು ಸೊಪ್ಪನ್ನು ಅದರಲ್ಲಿ ಹಾಕಿಯೇ ಕಳುಹಿಸುತ್ತಾರೆ.